ಕೆಂಪು ಮುಚ್ಚಳದ ಮದ್ದು

ವಕ್ಕಲೇರಿಯ ಸುಜಾತಾಳ ರೈಫಲ್ಲನ್ನು ಕೆಡಿಸಿದವನು ನಾನು. ಕೈತಪ್ಪಿ ಆದದ್ದಲ್ಲ, ತಿಳಿದೇ ಮಾಡಿದ್ದು. ಕೆಟ್ಟಿದೆ ಎಂದು ಖಚಿತವಾದ ಮೇಲೂ — ಅವಳು ನನ್ನೆದುರಿಗೆ ನಿಂತು, ತನ್ನ ಕಣ್ಣೇನಾದರೂ ಹೋಯಿತೇ ಎಂದು ಕೇಳಿದಾಗಲೂ — ಹೌದು ಎಂಬ ಅರ್ಥ ಬರುವ ಮಾತು ಹೇಳಿ ಕಳಿಸಿದೆ. ಇದಾಗಿ ಏಳು ವರ್ಷ. ಈ ಏಳು ವರ್ಷದಲ್ಲಿ ಅವಳು ಒಂದೇ ಒಂದು ಗುಂಡು ಹಾರಿಸಿಲ್ಲ. ನಾನು ಮಾತ್ರ ಮದ್ದಿನ ವಿಷಯ ಬಲ್ಲವನೆಂದು ಕ್ಲಬ್ಬಿನಲ್ಲಿ ಹೆಸರು ಮಾಡಿಕೊಂಡು ಚೆನ್ನಾಗಿಯೇ ಇದ್ದೇನೆ.

ನಾನು ಮುಳಬಾಗಿಲಿನವನು, ಹೆಸರು ಮೂರ್ತಿ. ನಮ್ಮ ಮನೆತನದಲ್ಲಿ ಪೂಜೆ ಮಾಡಿದವರಿದ್ದಾರೆ, ಲೆಕ್ಕ ಬರೆದವರಿದ್ದಾರೆ. ಬಂದೂಕು ಮುಟ್ಟಿದವನು ನಾನೊಬ್ಬನೇ. ನರಸಾಪುರದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದೆ. ಎರಕದ ಬಿಡಿಭಾಗಗಳ ತೂತುಗಳೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಬಿರುಕು ಹುಡುಕುವುದು ನನ್ನ ಕೆಲಸವಾಗಿತ್ತು. ಇಣುಕಿ ನೋಡುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ನನ್ನ ಹೆಂಡತಿ ಈಗಲೂ ಛೇಡಿಸುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ಮನೆಯಲ್ಲಿ ಮಿಕ್ಸಿ ಕೆಟ್ಟರೆ ನನಗೆ ಒಳಗೊಳಗೇ ಖುಷಿ. ಯಾಕೆ ಕೆಟ್ಟಿತು, ಯಾವ ಹಲ್ಲು ಸವೆಯಿತು, ಎಷ್ಟು ಸವೆದ ಮೇಲೆ ನಿಂತಿತು — ಇಷ್ಟು ತಿಳಿಯುವವರೆಗೆ ಊಟ ರುಚಿಸುವುದಿಲ್ಲ. ಸರಿ ಮಾಡುವುದು ಆಮೇಲಿನ ಮಾತು. ಎಷ್ಟೋ ಸಲ ಸರಿ ಮಾಡುವುದನ್ನೇ ಮರೆತಿದ್ದೇನೆ.

ಸಹೋದ್ಯೋಗಿಯೊಬ್ಬರ ಜೊತೆ ಒಂದು ಭಾನುವಾರ ಸುಮ್ಮನೆ ನೋಡಲು ಹೋದವನು ರೈಫಲ್ ಕ್ಲಬ್ಬಿಗೆ ಅಂಟಿಕೊಂಡೆ. ಮಾಲೂರಿನಾಚೆ, ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಕ್ವಾರಿಯಲ್ಲಿ ನಮ್ಮ ರೇಂಜು. ಮೂರು ಕಡೆ ಬಂಡೆ, ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ. ಅದನ್ನು ಕಟ್ಟಿ ನಿಲ್ಲಿಸಿದವರು ಸೇನೆಯಿಂದ ನಿವೃತ್ತರಾಗಿ ಬಂದ ಸುಬೇದಾರ್ ಬಚ್ಚಪ್ಪನವರು. ಪರವಾನಗಿ ಪಡೆದು ತೋಟಾಗಳನ್ನು ಕ್ಲಬ್ಬಿನಲ್ಲೇ ತುಂಬುತ್ತಿದ್ದೆವು. ಖಾಲಿ ಹಿತ್ತಾಳೆ ಕೋಶಕ್ಕೆ ಮದ್ದು ತೂಗಿ ಹಾಕಿ ಮೇಲೆ ಗುಂಡು ಕೂರಿಸುವ ನಾಜೂಕಿನ ಕೆಲಸ. ಅದು ಬಹಳ ಬೇಗ ನನ್ನ ಪಾಲಿಗೆ ಬಂತು. ಬಚ್ಚಪ್ಪನವರದು ಅದಕ್ಕೊಂದು ಕಟ್ಟಳೆ ಇತ್ತು: ತುಂಬಿದವನು ಏನು ತುಂಬಿದೆನೆಂದು ಹೇಳಕೂಡದು, ಹೊಡೆಯುವವರು ಕೇಳಕೂಡದು. ಡಬ್ಬಿಯ ಮೇಲೆ ಬರೀ ಒಂದು ನಂಬರು. ಮದ್ದು ಬದಲಾಗಿದೆ ಎಂದು ತಿಳಿದರೆ ಜನ ತಪ್ಪಿದ ಗುಂಡನ್ನೆಲ್ಲ ಮದ್ದಿನ ತಲೆಗೆ ಕಟ್ಟುತ್ತಾರೆ, ತಮ್ಮ ಉಸಿರಿನ ಮೇಲೆ ಗಮನ ಇಡುವುದಿಲ್ಲ ಎಂಬುದು ಅವರ ವಾದ. ಒಳ್ಳೆಯ ಕಟ್ಟಳೆಯೇ. ಅದರ ಮರೆಯಲ್ಲಿ ನನ್ನಂಥವನೊಬ್ಬ ಏನೆಲ್ಲ ಮಾಡಬಹುದು ಎಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಸುಜಾತಾ ವಕ್ಕಲೇರಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಗಂಡ ನಾರಾಯಣಸ್ವಾಮಿ ಹಸು ಕಟ್ಟಿಕೊಂಡು, ಹಿಪ್ಪುನೇರಳೆ ಮತ್ತು ಒಂದಿಷ್ಟು ರಾಗಿ ಬೆಳೆದುಕೊಂಡಿರುವ ಮನುಷ್ಯ. ಬೆಳೆಗೆ ನುಗ್ಗುವ ಹಂದಿಗಳನ್ನು ಓಡಿಸಲು ತನ್ನ ತಂದೆ ಇಟ್ಟುಕೊಂಡಿದ್ದ ಲೈಸೆನ್ಸ್ ಬಂದೂಕಿನಿಂದ ಗುರಿಯ ರುಚಿ ಹತ್ತಿಸಿಕೊಂಡವಳು ಅವಳು. ಬೆಳಗಿನ ಹಾಲು ಅಳೆದು, ಕ್ಯಾನುಗಳನ್ನು ಲಾರಿಗೇರಿಸಿ, ಸ್ಕೂಟರಿನಲ್ಲಿ ರೇಂಜಿಗೆ ಬರುತ್ತಿದ್ದಳು. ಚಾಪೆಯ ಮೇಲೆ ಬೋರಲು ಮಲಗಿ ರೈಫಲ್ಲಿಗೆ ಕೆನ್ನೆ ಒತ್ತಿದಳೆಂದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅನುಮಾನವಾಗಬೇಕು, ಹಾಗೆ. ಮುನ್ನೂರು ಮೀಟರಿನಲ್ಲಿ ಅವಳ ಹತ್ತು ಗುಂಡುಗಳ ತೂತನ್ನು ನನ್ನ ಒಂದು ಅಂಗೈ ಮುಚ್ಚುತ್ತಿತ್ತು. ಅಷ್ಟು ಒತ್ತೊತ್ತಾದ ಗ್ರೂಪ್ ನಮ್ಮಲ್ಲಿ ಇನ್ನೊಬ್ಬರದಿರಲಿಲ್ಲ. ರಾಜ್ಯ ಸ್ಪರ್ಧೆಯ ಚಾಪೆಯ ಮೇಲೆ ಒಂದು ಸಲ ಮಲಗಿ ಎದ್ದು ಬರಬೇಕು ಎಂದು ಅವಳು ಹೇಳಿದಾಗ ನಾವೆಲ್ಲ ನಕ್ಕಿದ್ದೆವು, ಆದರೆ ಆಗುವ ಮಾತೆಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ನನ್ನ ತಲೆಗೆ ಹೊಕ್ಕ ಹುಳದ ವಿಷಯ. ಗುಂಡು ಉಜ್ಜಿ ಉಜ್ಜಿ ಬಂದೂಕಿನ ನಳಿಗೆ, ಅಂದರೆ ಬ್ಯಾರಲ್, ಸವೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನಿಜದಲ್ಲಿ ಹೆಚ್ಚಿನ ಸವೆತವೆಲ್ಲ ಬೆಂಕಿಯಿಂದ. ಗುಂಡು ತೋಟಾದಿಂದ ಹೊರಬಿದ್ದು ಬ್ಯಾರಲ್ಲಿನ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುವ ಜಾಗಕ್ಕೆ ನಾವು ಗಂಟಲು ಎನ್ನುತ್ತೇವೆ. ಉರಿಯುವ ಮದ್ದಿನ ಅನಿಲ ಪ್ರತಿ ಸಲವೂ ಆ ಗಂಟಲನ್ನು ಸುಟ್ಟುಕೊಂಡೇ ಮುಂದೆ ನುಗ್ಗುತ್ತದೆ. ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಇಲ್ಲ. ಆದರೆ ಉಕ್ಕಿನ ಮೇಲ್ಪದರ ಬೆಂದು ತಣಿದು, ಬೆಂದು ತಣಿದು, ಕೊನೆಗೆ ಒಣಗಿದ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಎಲ್ಲ ಮದ್ದೂ ಒಂದೇ ಕಾವಿನಲ್ಲಿ ಉರಿಯುವುದಿಲ್ಲ. ನಮ್ಮಲ್ಲಿ ಎರಡು ಬಗೆ ಇತ್ತು. ನೀಲಿ ಮುಚ್ಚಳದ ಡಬ್ಬದಲ್ಲಿದ್ದದ್ದು ಬರೀ ನೈಟ್ರೋಸೆಲ್ಯುಲೋಸ್, ಕೊಂಚ ತಣ್ಣಗೆ ಉರಿಯುವಂಥದ್ದು. ಕೆಂಪು ಮುಚ್ಚಳದ್ದರಲ್ಲಿ ನೈಟ್ರೋಗ್ಲಿಸರಿನ್ ಬೆರೆತಿತ್ತು. ಅದಕ್ಕೆ ಕಸುವು ಜಾಸ್ತಿ, ಕಾವೂ ಜಾಸ್ತಿ. ಕೆಂಪಿನಲ್ಲಿ ಗುಂಡು ವೇಗವಾಗಿ ಹೋಗುತ್ತದೆ, ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. ಆ ಲಾಭಕ್ಕೆ ಬ್ಯಾರಲ್ ತನ್ನ ಆಯಸ್ಸಿನಲ್ಲಿ ಎಷ್ಟನ್ನು ಬಿಟ್ಟುಕೊಡುತ್ತದೆ? ಈ ಬಗ್ಗೆ ಓದಿದ್ದೆ, ಅವರಿವರನ್ನು ಕೇಳಿದ್ದೆ; ಒಬ್ಬೊಬ್ಬರದು ಒಂದೊಂದು ಮಾತು. ನನಗೆ ನನ್ನ ಕಣ್ಣಿಂದಲೇ ನೋಡಬೇಕಿತ್ತು.

ಅಷ್ಟರಲ್ಲಿ ಎರಡು ಹೊಸ ಬ್ಯಾರಲ್ ಬಂದವು. ಒಂದು ಕ್ಲಬ್ಬಿನ ರೈಫಲ್ಲಿಗೆ, ಇನ್ನೊಂದು ಸುಜಾತಾಳ ಸ್ವಂತ ರೈಫಲ್ಲಿಗೆ. ಒಂದೇ ತಯಾರಕರದು, ಒಂದೇ ಪೆಟ್ಟಿಗೆಯಲ್ಲಿ ಬಂದದ್ದು, ಒಂದೇ ಉಕ್ಕು. ಹೊರದೇಶದಿಂದ ತರಿಸಲು ಅನುಮತಿಯ ಕಾಗದಗಳು ಮೇಜಿನಿಂದ ಮೇಜಿಗೆ ಅಲೆದು ಬಹಳ ಕಾಲ ಹಿಡಿದಿತ್ತು. ಸುಜಾತಾ ತನ್ನದು ಕೈಗೆ ಸಿಕ್ಕ ಮರುದಿನವೇ ಕುರುಡುಮಲೆಗೆ ಹೋಗಿ ಗಣಪತಿಗೆ ಕಾಯಿ ಒಡೆಸಿಕೊಂಡು ಬಂದಳು. ನಾನು ಎರಡು ಬ್ಯಾರಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಳಗೆ ಕ್ಯಾಮೆರಾ ಬಿಟ್ಟು ನೋಡಿದೆ. ಅವಳಿಜವಳಿ. ಇಂಥ ಜೋಡಿ ಇನ್ನೊಮ್ಮೆ ಸಿಗುವುದಿಲ್ಲ ಅನ್ನಿಸಿತು. ಒಂದಕ್ಕೆ ನೀಲಿ, ಒಂದಕ್ಕೆ ಕೆಂಪು —

ಯಾವುದಕ್ಕೆ ಕೆಂಪು? ಇಲ್ಲಿ ನಾನು ನಿಧಾನವಾಗಿ ಬರೆಯಬೇಕು, ಯಾಕೆಂದರೆ ತಪ್ಪು ಶುರುವಾದದ್ದು ಇಲ್ಲಿಂದ. ಕ್ಲಬ್ಬಿನ ರೈಫಲ್ಲನ್ನು ಹತ್ತು ಜನ ಬಳಸುತ್ತಾರೆ. ಅದು ಕೆಟ್ಟರೆ ಹತ್ತು ಬಾಯಿ ಪ್ರಶ್ನೆ ಕೇಳುತ್ತವೆ, ಬಚ್ಚಪ್ಪನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಸುಜಾತಾ ಕೇಳುವುದಿಲ್ಲ. ನಾನು ಕೊಟ್ಟದ್ದನ್ನು ತೆಗೆದುಕೊಂಡು ಹೋಗಿ ಮಲಗುತ್ತಾಳೆ. ನನ್ನನ್ನು ಹೆಚ್ಚು ನಂಬಿದವಳೆಂಬ ಕಾರಣಕ್ಕೇ ಅವಳ ಬ್ಯಾರಲ್ಲನ್ನು ಆರಿಸಿಕೊಂಡೆ. ಕ್ಲಬ್ಬಿನದನ್ನು ಉಳಿಸಿದೆ. ಇದನ್ನು ಆಗ ನಾನು ಇಷ್ಟು ಬಿಡಿಸಿ ಯೋಚಿಸಲಿಲ್ಲ ಎಂದು ಬರೆಯಬಹುದಿತ್ತು. ಯೋಚಿಸಿದ್ದೆ.

ಮೊದಮೊದಲು ಅವಳಿಗೆ ಹಬ್ಬ. ಗ್ರೂಪ್ ಇನ್ನಷ್ಟು ಚಿಕ್ಕದಾಯಿತು, ಕ್ವಾರಿಯ ಅಡ್ಡಗಾಳಿಯಲ್ಲೂ ಗುಂಡು ಅಲುಗಲಿಲ್ಲ. ಈ ಸಲದ ತೋಟಾ ಭಲೇ ಇದೆ ಸಾರ್ ಎಂದು ಅವಳೇ ಹೊಗಳಿದಳು, ಮನೆಯಿಂದ ಗಿಣ್ಣು ತಂದು ಕೊಟ್ಟಳು. ಅದನ್ನು ತಿನ್ನುತ್ತ ನಾನು ಹೇಳಿದ್ದೇನು ಗೊತ್ತೇ? ಗಾಳಿ ತಿರುಗುವುದರೊಳಗೆ ಮುಗಿಸಿಬಿಡು, ಗುಂಡುಗಳ ನಡುವೆ ಅಷ್ಟು ಹೊತ್ತು ಬಿಡಬೇಡ ಎಂದೆ. ಮೇಲ್ನೋಟಕ್ಕೆ ಅದು ಒಳ್ಳೆಯ ಸಲಹೆ. ನನಗೆ ಬೇಕಾಗಿದ್ದದ್ದು ಬೇರೆ. ಬ್ಯಾರಲ್ ಆರುವುದಕ್ಕೆ ಬಿಡದೆ ಹೊಡೆದರೆ ಕೆಂಪು ಮದ್ದು ಗಂಟಲನ್ನು ಎಷ್ಟು ಬೇಗ ತಿನ್ನುತ್ತದೆ ಎಂದು ತಿಳಿಯಬೇಕಿತ್ತು. ಅವಳು ನಾನು ಹೇಳಿದಂತೆಯೇ ಹೊಡೆದಳು. ಕೆಲವು ಸಲ ಬ್ಯಾರಲ್ ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು.

ಸ್ವಚ್ಛ ಮಾಡಿಕೊಡುತ್ತೇನೆ ಎಂದು ರೈಫಲ್ಲನ್ನು ಆಗಾಗ ಈಸಿಕೊಂಡು ಒಳಗೆ ನೋಡುತ್ತಿದ್ದೆ. ಮೊದಲು ಗಂಟಲು ಬರೀ ಮಸುಕಾಯಿತು. ಆಮೇಲೆ ಕೂದಲೆಳೆಯಂಥ ಗೆರೆಗಳು. ಆ ಗೆರೆಗಳು ಒಂದನ್ನೊಂದು ಕೂಡಿ ಜಾಲವಾದವು. ಗೀರುಗಳ ಅಂಚು ಕರಗಿ ಹಿಂದೆ ಸರಿಯಿತು. ಗುಂಡು ಮೊದಲಿಗಿಂತ ಮುಂದೆ ಹೋದ ಮೇಲೆಯೇ ಉಕ್ಕನ್ನು ಮುಟ್ಟುತ್ತಿತ್ತು. ಅದೇ ಅವಧಿಯಲ್ಲಿ ಕ್ಲಬ್ಬಿನ ಬ್ಯಾರಲ್ ಅವಳದಕ್ಕಿಂತ ಹೆಚ್ಚು ಗುಂಡು ಕಂಡಿತ್ತು, ಆದರೂ ಅದರ ಗಂಟಲಲ್ಲಿ ಮಸುಕು ಬಿಟ್ಟರೆ ಏನಿಲ್ಲ. ಆ ವ್ಯತ್ಯಾಸ ಮೊದಲ ಸಲ ಪರದೆಯ ಮೇಲೆ ಮೂಡಿದಾಗ ನನಗಾದ ಸಂತೋಷವಿದೆಯಲ್ಲ — ಅದನ್ನು ಮುಚ್ಚಿಡುವುದಿಲ್ಲ. ಈಗ ಬರೆಯುವಾಗಲೂ ಅದರ ಒಂದು ಎಳೆ ಎದ್ದು ಬರುತ್ತದೆ, ನಾಚಿಕೆಯಾಗುತ್ತದೆ, ಆದರೂ ಬರುತ್ತದೆ.

ರಾಜ್ಯ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಒಬ್ಬರನ್ನು ಕಳಿಸುವ ಆಯ್ಕೆಗೆ ದಿನ ಗೊತ್ತಾಯಿತು. ಅದಕ್ಕೆ ಹತ್ತು ದಿನ ಮುಂಚೆ ನೋಡಿದಾಗ ಜಾಲದ ಚಿಕ್ಕ ಚಿಕ್ಕ ತುಣುಕುಗಳು ಉದುರಲು ಶುರುವಾಗಿದ್ದವು. ಇದು ಇನ್ನು ತಡೆಯುವುದಿಲ್ಲ ಎಂದು ನನ್ನ ಕೆಲಸದ ಅನುಭವವೇ ಹೇಳಿತು. ಕ್ಲಬ್ಬಿನ ರೈಫಲ್ ತೆಗೆದುಕೋ, ಹತ್ತು ದಿನದಲ್ಲಿ ಕೈ ಕೂರುತ್ತದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ಹೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ ಎಂದು ಹೆದರಿದೆ. ಅದೊಂದೇ ಅಲ್ಲ — ಎಷ್ಟನೆಯ ಗುಂಡಿಗೆ ಕೈಕೊಡುತ್ತದೆ ಎಂದು ನೋಡುವ ಚಪಲ ಇನ್ನೂ ತೀರಿರಲಿಲ್ಲ.

ಕೈಕೊಟ್ಟದ್ದು ಆಯ್ಕೆಯ ದಿನವೇ. ಮೊದಲ ಕೆಲವು ಗುಂಡು ನೆಟ್ಟಗೆ ಹೋದವು. ಆಮೇಲೆ ಒಂದು ಮೇಲೆ, ಒಂದು ಕೆಳಗೆ, ಒಂದು ಕರಿ ವೃತ್ತದಿಂದಲೇ ಆಚೆ. ಅವಳು ಉಸಿರು ತಿದ್ದಿಕೊಂಡಳು, ಮೊಣಕೈ ಜರುಗಿಸಿದಳು, ರೈಫಲ್ಲಿನ ಮೇಲಿನ ಗುರಿ ನೋಡುವ ಉಂಗುರ ಒರೆಸಿದಳು. ಮತ್ತೆ ಮೇಲೆ, ಮತ್ತೆ ಕೆಳಗೆ. ಮುಗಿದಾಗ ಅವಳ ಹೆಸರು ಪಟ್ಟಿಯ ನಡುವೆ ಎಲ್ಲೋ ಇತ್ತು. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದಳು. ಬೇರೆ ಯಾರ ಹತ್ತಿರವೂ ಹೋಗಲಿಲ್ಲ, ನೇರ ನನ್ನ ಹತ್ತಿರ.

"ಸಾರ್, ನಿಜ ಹೇಳಿ. ನನ್ ಕಣ್ಣೇನಾದ್ರೂ ಹೋಯ್ತಾ?"

"ನಲ್ವತ್ತು ದಾಟ್ತಲ್ಲಮ್ಮಾ," ಎಂದೆ. "ಚಾಳೀಸು ಬಂದಿರ್ಬೇಕು. ಒಂದ್ಸಲ ತೋರಿಸ್ಕೋ."

ಪೋನೀಲೆಂಡಿ ಸಾರ್ ಎಂದಳು. ಹೋಗಲಿ ಬಿಡಿ ಎಂದು. ಮನಸ್ಸಿಗೆ ನೋವಾದಾಗ ಅವಳ ಬಾಯಿಗೆ ತೆಲುಗೇ ಮೊದಲು ಬರುತ್ತಿತ್ತು. ಸ್ಕೂಟರ್ ಹತ್ತಿ ಹೊರಟುಹೋದಳು.

ಎಲ್ಲರೂ ಹೋದ ಮೇಲೆ, ಅವಳು ಸ್ವಚ್ಛಕ್ಕೆಂದು ಬಿಟ್ಟುಹೋದ ರೈಫಲ್ಲನ್ನು ಮರಳುಚೀಲಗಳ ಮೇಲೆ ಅಲುಗಾಡದಂತೆ ಕೂರಿಸಿ, ಉಳಿದ ತೋಟಾಗಳನ್ನು ನಾನೇ ಹೊಡೆದೆ. ಕೈ ನಡುಕದ ಪ್ರಶ್ನೆಯೇ ಇಲ್ಲ, ಚೀಲಗಳಿಗೆ ಕೈ ಎಲ್ಲಿಂದ ಬರಬೇಕು? ಒಂದು ಮೇಲೆ, ಒಂದು ಕೆಳಗೆ, ಒಂದು ವೃತ್ತದಾಚೆ. ಅವಳ ಗುರಿ ಕಾಗದದ ಪಕ್ಕದಲ್ಲಿ ನನ್ನ ಕಾಗದ ಹಿಡಿದರೆ ಯಾರು ಹೊಡೆದದ್ದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ನನ್ನ ಕಾಗದವನ್ನು ಹರಿದು ಹಾಕಿದೆ. ಬಚ್ಚಪ್ಪನವರು ಮರುವಾರ ಬ್ಯಾರಲ್ ನೋಡಿದಿರಾ ಎಂದು ಕೇಳಿದರು. ನೋಡಿದೆ, ಏನೂ ಆಗಿಲ್ಲ ಎಂದೆ. ಅವರು ನನ್ನ ಮಾತನ್ನು ಎರಡನೇ ಸಲ ಕೇಳುವವರಲ್ಲ.

ಸುಜಾತಾ ಕೋಲಾರಕ್ಕೆ ಹೋಗಿ ಕಣ್ಣು ತೋರಿಸಿದಳು. ಓದುವುದಕ್ಕೆ ಒಂದು ಸಣ್ಣ ನಂಬರಿನ ಕನ್ನಡಕ ಸಾಕು, ದೂರದ ನೋಟ ಚೆನ್ನಾಗಿದೆ ಎಂದರಂತೆ ಡಾಕ್ಟರು. ನಾನು ನೆನೆಸಿದ್ದು, ಇದರಿಂದ ಅವಳಿಗೆ ಸಮಾಧಾನವಾಗುತ್ತದೆ ಎಂದು. ಆದದ್ದು ತಿರುಗಾಮುರುಗಾ. ಕಣ್ಣಲ್ಲ ಎಂದಾದ ಮೇಲೆ ಉಳಿದದ್ದು ಧೈರ್ಯ. ಆಯ್ಕೆಯ ದಿನ ಎದೆಗಾರಿಕೆ ಸಾಲದೆ ಹೋಯಿತು ಎಂದು ಅವಳೂ ಅಂದುಕೊಂಡಳು, ಕ್ಲಬ್ಬಿನವರೂ ಪಾಪ ಎನ್ನುತ್ತ ಅದನ್ನೇ ಅಂದರು. ಆಮೇಲೆ ಚಾಪೆಯ ಮೇಲೆ ಮಲಗಲೇ ಇಲ್ಲ, ಕೆಲವು ತಿಂಗಳಿಗೆ ರೈಫಲ್ಲನ್ನೂ ಇನ್ನೊಬ್ಬರಿಗೆ ದಾಟಿಸಿ ಬರುವುದನ್ನೇ ನಿಲ್ಲಿಸಿದಳು. ಅದನ್ನು ಕೊಂಡವರು ಹೊಡೆದು ನೋಡುವ ಮೊದಲೇ ತಮಗೆ ಬೇಕಾದ ಬೇರೆ ಬ್ಯಾರಲ್ ಹಾಕಿಸಿಕೊಂಡರು. ರದ್ದಾದ ಬ್ಯಾರಲ್ಲನ್ನು ಕತ್ತರಿಸಿ ಹಾಕಬೇಕು. ಕತ್ತರಿಸಿದವನೂ ನಾನೇ — ಅಡ್ಡಕ್ಕಲ್ಲ, ಉದ್ದಕ್ಕೆ, ಒಳಭಾಗ ಪೂರ್ತಿ ಕಾಣುವ ಹಾಗೆ.

ಆ ಎರಡು ಸೀಳುಗಳ ಚಿತ್ರ ತೆಗೆದು ಕ್ಲಬ್ಬಿನಲ್ಲಿ ತೋರಿಸಿದೆ. ಗುರಿ ಅಭ್ಯಾಸಕ್ಕೆ ನೀಲಿಯೇ ಇರಲಿ, ಬ್ಯಾರಲ್ ಬಹುಕಾಲ ಬಾಳುತ್ತದೆ. ಹೊಡೆದು ಹೊಡೆದು ಕಾಯಿಸಬೇಡಿ, ಆರಲು ಬಿಡಿ ಎಂದು ವಿವರಿಸಿದೆ. ಚಪ್ಪಾಳೆ ತಟ್ಟಿದರು. ಯಾರ ಬ್ಯಾರಲ್ ಇದು ಎಂದು ಒಬ್ಬರು ಕೇಳಿದ್ದಕ್ಕೆ ಯಾವುದೋ ಹಳೆಯದು ಎಂದೆ. ಅಂದಿನಿಂದ ನಮ್ಮಲ್ಲಿ ಒಂದು ಬ್ಯಾರಲ್ಲೂ ಅಷ್ಟು ಬೇಗ ಸತ್ತಿಲ್ಲ. ನಾನು ಕಂಡುಕೊಂಡದ್ದು ಸುಳ್ಳಲ್ಲ, ಉಪಯೋಗಕ್ಕೂ ಬಂತು. ಇಷ್ಟು ವರ್ಷ ನನ್ನನ್ನು ನೆಮ್ಮದಿಯಾಗಿ ಮಲಗಿಸಿದ್ದು ಇದೇ ಸಮಾಧಾನ.

ಆ ಸಮಾಧಾನ ಹೋದದ್ದು ಮೊನ್ನೆ ಮೊನ್ನೆ. ಸಂಬಂಧಿಕರ ಮನೆಗೆಂದು ಆ ಕಡೆ ಹೋದವನು, ನೋಡಿ ಬಹಳ ದಿನವಾಯಿತೆಂದು ವಕ್ಕಲೇರಿಯ ಡೈರಿಯ ಹತ್ತಿರ ಗಾಡಿ ನಿಲ್ಲಿಸಿದೆ. ಸಂಜೆಯ ಹಾಲಿನ ಹೊತ್ತು, ಜನ ಸಾಲಾಗಿ ನಿಂತಿದ್ದರು. ಸುಜಾತಾ ಹಾಲಿನಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ, ಬಗ್ಗಿ ನೋಡಿ, ಅಂಕಿ ಹೇಳಿದಳು. ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ನಾರಾಯಣಸ್ವಾಮಿ ಬಗ್ಗಿ ನೋಡಿ ಅದೇ ಅಂಕಿ ಹೇಳಿದ ಮೇಲೆ ಬರೆದಳು. ಮುಂದಿನ ಕ್ಯಾನಿಗೂ ಹಾಗೆಯೇ. ಅದರ ಮುಂದಿನದಕ್ಕೂ. ಒಂದು ಸಲವೂ ಇಬ್ಬರ ಅಂಕಿ ಬೇರೆಯಾಗಲಿಲ್ಲ. ಸಾಲಿನಲ್ಲಿದ್ದವರಿಗೆ ಅದು ಅಭ್ಯಾಸವಾಗಿಹೋಗಿತ್ತು. ನಾನು ನೋಡುತ್ತಿರುವುದನ್ನು ಕಂಡು ನಾರಾಯಣಸ್ವಾಮಿಯೇ ನಗುತ್ತ ಹೇಳಿದ:

"ಡಾಕ್ಟ್ರು ಚೆನ್ನಾಗೈತೆ ಅಂದ್ರೂ ಇವ್ಳಿಗೆ ತನ್ ಕಣ್ಣ ಮ್ಯಾಲೆ ತನ್ಗೇ ನಂಬ್ಕೆ ಇಲ್ಲ ಸಾರ್. ಏಳು ವರ್ಷದಿಂದ ಎರಡೂ ಹೊತ್ತು ನನ್ನ ಇಲ್ಲೇ ಕಟ್ಟಾಕವ್ಳೆ."

ನಾನು ಒಂದು ಬ್ಯಾರಲ್ ಕೆಡಿಸಿದೆ ಎಂದಷ್ಟೇ ತಿಳಿದುಕೊಂಡಿದ್ದೆ.

ಮರುವಾರ ಆ ಬ್ಯಾರಲ್ಲಿನ ಎರಡು ಸೀಳುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೋದೆ. ಹಜಾರದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ. ಸೀಳನ್ನು ಬೆಳಕಿಗೆ ಹಿಡಿದು ಗಂಟಲಿನ ಬಿರುಕು ತೋರಿಸಿದೆ. ತೋರಿಸುವ ಭರದಲ್ಲಿ ಮತ್ತೆ ವಿವರಿಸಲು ಶುರು ಮಾಡಿದ್ದೆ — ಇಲ್ಲಿ ನೋಡು, ಈ ಅಂಚು ಹೇಗೆ — ಅಷ್ಟರಲ್ಲಿ ಅವಳ ಮುಖ ನೋಡಿ ಸುಮ್ಮನಾದೆ. ಅವಳು ಉಕ್ಕನ್ನು ನೋಡುತ್ತಿರಲಿಲ್ಲ.

"ಆವತ್ತೇ ಗೊತ್ತಿತ್ತಾ ಸಾರ್ ನಿಮ್ಗೆ?"

"ಗೊತ್ತಿತ್ತಮ್ಮಾ. ಹತ್ತು ದಿನ ಮುಂಚೇನೇ ಗೊತ್ತಿತ್ತು."

ನಾರಾಯಣಸ್ವಾಮಿ ಎದ್ದು ಕೊಟ್ಟಿಗೆಯ ಕಡೆ ಹೋದ. ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕ್ಷಮಿಸು ಎಂದು ಕೇಳಬೇಕೆಂದು ಹೋಗಿದ್ದೆ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

"ನಂಗೊಬ್ಳಿಗೇ ಹೇಳಿ ಹೋದ್ರೆ ಆಯ್ತಾ ಸಾರ್?" ಎಂದಳು ಸುಜಾತಾ. "ಸುಜಾತಾಗೆ ಧೈರ್ಯ ಸಾಲ್ದೇ ಹೋಯ್ತು ಅಂತ ಅಲ್ಲಿ ಎಲ್ರೂ ಅಂದ್ಕೊಂಡವ್ರೆ. ಅವ್ರಿಗೂ ಹೇಳಿ. ಬರ್ಕೊಂಡು ಹೋಗಿ ಓದಿ ಹೇಳಿ, ಆಗ ನಡುವೆ ಬಿಡಕ್ಕಾಗಲ್ಲ. ನನ್ ಹೆಸ್ರು ಹಾಕೇ ಬರೀರಿ."

ಹಾಗೆಂದೇ ಇದನ್ನು ಬರೆದದ್ದು, ಹೆಸರು ಹಾಕಿದ್ದು. ನೀನೂ ಬರುತ್ತೀಯಾ ಎಂದು ಕೇಳಿದೆ. ತಾನು ಯಾಕೆ ಬರಬೇಕು, ತನಗೆ ಗೊತ್ತಾಯಿತಲ್ಲ ಎಂದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಬಾಗಿಲವರೆಗೆ ಬಂದಳು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ಆ ದನಿ ನನಗೆ ಗೊತ್ತು, ನನ್ನದೂ ಅದೇ ದನಿ.

"ಬ್ಯಾರಲ್ ಸರಿಯಾಗಿದ್ದಿದ್ರೆ ಆವತ್ತು ನನ್ ಗ್ರೂಪ್ ಎಷ್ಟಕ್ಕೆ ನಿಲ್ತಿತ್ತು ಸಾರ್?"

ಎರಡೂ ಮದ್ದಿನ ಕಾವು ನನಗೆ ಗೊತ್ತು. ಗಂಟಲು ಎಷ್ಟು ಹಿಂದೆ ಸರಿದಿತ್ತು ಎಂದು ಅಳೆದಿದ್ದೇನೆ. ಆದರೆ ಆ ದಿನದ ಗಾಳಿ, ಆ ದಿನದ ಅವಳ ಕೈ, ಒಂದು ಒಳ್ಳೆಯ ಬ್ಯಾರಲ್ — ಈ ಮೂರೂ ಒಟ್ಟಿಗೆ ಸೇರಿದ್ದರೆ ಕಾಗದದ ಮೇಲೆ ಏನು ಮೂಡುತ್ತಿತ್ತು? ಅದನ್ನು ಇನ್ನು ಯಾರೂ ಪರೀಕ್ಷೆ ಮಾಡಿ ನೋಡಲಾಗುವುದಿಲ್ಲ. ಅವಳಿಗೀಗ ನಲವತ್ತೊಂಬತ್ತು.

ಗೊತ್ತಿಲ್ಲಮ್ಮಾ ಎಂದೆ. ಅವಳು ತಲೆಯಾಡಿಸಿ, ಸಂಜೆಯ ಹಾಲಿಗೆ ಹೊತ್ತಾಯಿತೆಂದು ಒಳಗೆ ಹೋದಳು.

ಈ ಭಾನುವಾರ ಇದನ್ನು ರೇಂಜಿನಲ್ಲಿ, ಬಚ್ಚಪ್ಪನವರನ್ನೂ ಕೂರಿಸಿಕೊಂಡು, ಎಲ್ಲರೆದುರು ಓದುತ್ತೇನೆ. ಅವಳ ಪ್ರಶ್ನೆಗೆ ಅವರಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಆ ಉತ್ತರ ಸಿಗದಂತೆ ಮಾಡಿದವನು ಯಾರೆಂದು ಮಾತ್ರ ಅವರಿಗೆ ತಿಳಿಯುತ್ತದೆ.